ತೃಣಮಣಿ, ಅದೃಷ್ಟ ಮತ್ತು ಅಷ್ಟೂರಿನ ಗುಮ್ಮಟ: ಸ್ಥಿರವಿದ್ಯುತ್ತಿನ ಮೂಲತತ್ತ್ವ ವಿಚಾರ

ಬೀದರ ನಗರದಿಂದ ಮೂಡಲಿಗೆ ಹರದಾರಿಗಿಂತಲೂ ಕಡಮೆ ದೂರದಲ್ಲಿ ಅಷ್ಟೂರೆಂಬ ಗ್ರಾಮವಿದೆ. ಅಲ್ಲಿಯ ಬಯಲಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಇವುಗಳಲ್ಲಿ ಅಹಮದ್ ಶಾಹ ವಲಿಯ (ಆಳಿಕೆ ೧೪೨೨–೧೪೩೬) ಗೋರಿಯು ಒಳಗಿನ ವರ್ಣಚಿತ್ರಗಳಿಂದಲೂ, ಹಿಂದೂ ಮುಸಲ್ಮಾನರು ಕೂಡಿ ನಡೆಯಿಸುವ ಉರುಸಿನಿಂದಲೂ ಪ್ರಸಿದ್ಧವಾಗಿರುತ್ತದೆ. ಅದೇ ಸಾಲಿನಲ್ಲಿ ಆತನ ಮೊಮ್ಮಗನಾದ ಹುಮಾಯೂನ್ ಶಾಹನ (ಆಳಿಕೆ ೧೪೫೮–೧೪೬೧) ಗೋರಿಯೂ ಇದೆ. ಇದಕ್ಕೆ ಸಿಡಿಲು ಬಡಿದು ಗುಮ್ಮಟದ ಒಂದು ಪಾರ್ಶ್ವವೇ ಕಳಚಿ ಬಿದ್ದು, ಒಳಗಿನ ಇಟ್ಟಿಗೆ ಗಾರೆಗಳ ಕಟ್ಟಡವು ಸೀಳಿಟ್ಟ ಹಣ್ಣಿನಂತೆ ಕಾಣುತ್ತಿದೆ. ಹುಮಾಯೂನನಿಗೆ ಚರಿತ್ರೆಯಲ್ಲಿ ಜಾಲಿಮ್, ಅಂದರೆ ಕ್ರೂರಿ, ಎಂಬ ಹೆಸರು ಅಂಟಿಕೊಂಡಿದೆ. ಭಾಲ್ಕಿ ಔರಾದ ಸೀಮೆಗಳಿಂದ ಉರುಸಿಗೆ ಬಂದವರಿಗೆ ಈ ಎರಡು ಕಟ್ಟಡಗಳನ್ನು ಒಂದೇ ನೋಟದಲ್ಲಿ ಕಂಡಾಗ ತೀರ್ಪು ತಾನಾಗಿಯೇ ಹೊಳೆಯುತ್ತದೆ: ಸಂತನ ಗುಮ್ಮಟ ಉಳಿಯಿತು, ಪಾಪಿಯ ಗುಮ್ಮಟ ಒಡೆಯಿತು.

ಈ ತೀರ್ಪನ್ನು ವಿಚಾರಿಸದೆ ಒಪ್ಪುವಂತಿಲ್ಲ. ಹುಮಾಯೂನನ ಕ್ರೌರ್ಯದ ಕಥೆಗಳಲ್ಲಿ ಬಹುಭಾಗವು ಅತಿಶಯೋಕ್ತಿಯೆಂದು ಹಾರೂನ್ ಖಾನ್ ಶೇರ್ವಾನಿಯವರಂಥ ಇತಿಹಾಸಜ್ಞರು ವಾದಿಸಿದ್ದಾರೆ, ಅದು ಹಾಗಿರಲಿ. ಬೀದರ ಊರೊಳಗೇ ಇನ್ನೊಂದು ಭಗ್ನಭವನವಿದೆ. ಅದು ೧೪೭೨ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾ. ಗವಾನನು ವಿದ್ವಾಂಸನು, ವಿದ್ಯಾಪಕ್ಷಪಾತಿ. ಶತ್ರುಗಳು ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿದ ಒಡೆಯನಿಂದ ೧೪೮೧ರಲ್ಲಿ ವಧೆಗೊಂಡವನು. ಅವನ ವಿದ್ಯಾಲಯದ ಮುಂಭಾಗವೂ ಒಂದು ಮಿನಾರೂ ೧೬೯೬ರಲ್ಲಿ ನಾಶವಾದವು. ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿಯಿತೆಂದು ಒಂದು ಪಕ್ಷ. ಸಿಡಿಲೇ ಬಡಿಯಿತೆಂದು ಇನ್ನೊಂದು ಪಕ್ಷ. ಎರಡನೆಯ ಪಕ್ಷವು ನಿಜವಾದರೆ ಸಿಡಿಲಿಗೆ ಜಾಲಿಮನ ಗೋರಿಯೂ ಸಜ್ಜನನ ಶಾಲೆಯೂ ಸಮಾನವೆಂದಾಯಿತು.

ಪಾಪದಿಂದ ಗುಮ್ಮಟ ಒಡೆಯಿತೆಂಬ ಮಾತಿಗೆ ಶಾಸ್ತ್ರದ ಭಾಷೆಯಲ್ಲಿ ಒಂದು ಹೆಸರಿದೆ: ಅದೃಷ್ಟ. ಇದು ಆಡುಮಾತಿನ ‘ನಸೀಬು’ ಅಲ್ಲ. ಕರ್ಮದಿಂದ ಹುಟ್ಟಿ ಆತ್ಮದಲ್ಲಿ ನಿಂತು ಕಾಲಬಂದಾಗ ಫಲ ಕೊಡುವ ಧರ್ಮಾಧರ್ಮಗಳು. ಆದರೆ ವೈಶೇಷಿಕ ಸೂತ್ರಗಳಲ್ಲಿ ಈ ಶಬ್ದಕ್ಕೆ ಇನ್ನೊಂದು ಕೆಲಸವೂ ಉಂಟು. ಸೂಜಿಯು ಅಯಸ್ಕಾಂತದ ಕಡೆಗೆ ಸರಿಯುವುದು, ಜ್ವಾಲೆಯು ಮೇಲಕ್ಕೇ ಏಳುವುದು, ಗಾಳಿಯು ಅಡ್ಡವಾಗಿ ಬೀಸುವುದು ಮುಂತಾಗಿ ತಳ್ಳುವ ಕೈ ಕಾಣದ ಚಲನೆಗಳಿಗೆಲ್ಲ ಕಣಾದನು ಅದೃಷ್ಟವನ್ನೇ ಕಾರಣವಾಗಿ ಹೇಳಿದನು. ಹದಿನೈದನೆಯ ಶತಮಾನದ ಶಂಕರಮಿಶ್ರನು ತನ್ನ ಉಪಸ್ಕಾರವ್ಯಾಖ್ಯಾನದಲ್ಲಿ ತೃಣಕಾಂತಮಣಿಯ ಕಡೆಗೆ ಹುಲ್ಲು ಸರಿಯುವುದನ್ನೂ ಈ ಪಂಕ್ತಿಗೆ ಸೇರಿಸಿದನು. ಅಷ್ಟೂರಿನ ಗೋರಿಗಳೂ ಅದೇ ಶತಮಾನದಲ್ಲಿ ಎದ್ದವೆಂಬುದು ಆಕಸ್ಮಿಕ. ಆದರೆ ಗುಮ್ಮಟವೂ ಹುಲ್ಲುಕಡ್ಡಿಯೂ ಹೀಗೆ ಒಂದೇ ಶಬ್ದದ ನೆರಳಿನಲ್ಲಿ ಬಂದು ನಿಂತವು. ಇವೆರಡಕ್ಕೂ ನಿಜವಾಗಿಯೇ ಒಂದೇ ಕಾರಣವಿದೆಯೆಂಬುದೂ, ಅದು ಅದೃಷ್ಟವಲ್ಲ, ‘ಕ್ಷೇತ್ರ’ ಎಂಬುದೂ ಇಲ್ಲಿ ಪ್ರತಿಪಾದ್ಯವಾದ ವಿಷಯ.

ತೃಣಮಣಿಯೆಂದರೆ ಪುರಾತನ ವೃಕ್ಷಗಳ ಅಂಟು ಕೋಟ್ಯಂತರ ವರ್ಷ ಮಣ್ಣಿನಲ್ಲಿ ಹುದುಗಿ ಗಟ್ಟಿಯಾದ ಹಳದಿಯ ಮಣಿ. ಉಜ್ಜಿದರೆ ಹುಲ್ಲನ್ನು ಸೆಳೆಯುವುದರಿಂದ ಸಂಸ್ಕೃತದಲ್ಲಿ ಇದಕ್ಕೆ ತೃಣಗ್ರಾಹಿಯೆಂದೂ ಹೆಸರು. ಪಾರಸಿಯಲ್ಲಿ ಇದು ಕಾಹರುಬಾ. ಕಾಹ ಎಂದರೆ ಹುಲ್ಲು, ರುಬಾ ಎಂದರೆ ಕಸಿಯುವುದು. ಯೂನಾನಿ ಹಕೀಮರ ಔಷಧಗಳಲ್ಲಿ ಕಹರುಬಾ ಎಂಬುದು ಇದೇ. ಗ್ರೀಕರು ಇದನ್ನು ಎಲೆಕ್ಟ್ರಾನ್ ಎಂದರು. ಆಂಗ್ಲ ವೈದ್ಯನಾದ ವಿಲಿಯಂ ಗಿಲ್ಬರ್ಟನು ೧೬೦೦ರಲ್ಲಿ ಪ್ರಕಟಿಸಿದ ಗ್ರಂಥದಿಂದ ಎಲೆಕ್ಟ್ರಿಕ್ ಎಂಬ ಶಬ್ದವು ಶಾಸ್ತ್ರಕ್ಕೆ ಬಂದಿತು. ಅರಬ್ಬರು ಕಹರಬಾ ಎಂಬ ಮಾತನ್ನೇ ಇಡೀ ಶಕ್ತಿಗೆ ಇಟ್ಟುಕೊಂಡರು. ಆದರೆ ಹೈದರಾಬಾದ ಸಂಸ್ಥಾನದ ಉರ್ದುವು ಆ ಹಾದಿಯನ್ನು ಹಿಡಿಯದೆ ಮಿಂಚೆಂಬ ಅರ್ಥದ ‘ಬರ್ಕ್’ ಎಂಬುದನ್ನು ಆರಿಸಿತು. ಸಂಸ್ಕೃತ ಕನ್ನಡಗಳ ವಿದ್ಯುತ್ತೂ ಮಿಂಚೇ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವು ಉರ್ದುವಿನಲ್ಲಿ ನಡೆಯುತ್ತಿದ್ದಾಗ, ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಬೇಕಾಗಿದ್ದ ಕಾಲವದು. ಫಲಕದ ಹೊರಗೂ ಒಳಗೂ ಈ ವಸ್ತುವಿಗೆ ಮಿಂಚಿನ ಹೆಸರೇ ಇದ್ದಿತೆಂಬುದು ಗಮನಾರ್ಹ. ಹೀಗೆ ಕೆಲವರು ಹುಲ್ಲಿನ ತುದಿಯನ್ನೂ ಕೆಲವರು ಮಿಂಚಿನ ತುದಿಯನ್ನೂ ಹಿಡಿದು ಒಂದೇ ವಸ್ತುವಿಗೆ ಹೆಸರಿಟ್ಟರು. ಎರಡೂ ಒಂದೇ ಎಂದು ಪ್ರತ್ಯಕ್ಷವಾದುದು ೧೭೫೨ರ ಮೇ ತಿಂಗಳಲ್ಲಿ. ಬೆಂಜಮಿನ್ ಫ್ರಾಂಕ್ಲಿನನ ಸೂಚನೆಯಂತೆ ಫ್ರಾನ್ಸಿನ ಮಾರ್ಲಿ ಗ್ರಾಮದಲ್ಲಿ ನೆಟ್ಟ ಕಬ್ಬಿಣದ ಸಲಾಕೆಯಿಂದ ಗುಡುಗಿನ ಮೋಡದ ಕಿಡಿಗಳನ್ನು ಪಡೆದಾಗ.

ತೃಣಮಣಿಯು ದುರ್ಲಭವಾದರೂ ಪ್ರಯೋಗವು ದುರ್ಲಭವಲ್ಲ. ಮಾಘಮಾಸದ ಒಣಹವೆಯಲ್ಲಿ ಎಣ್ಣೆಯಿಲ್ಲದ ತಲೆಯನ್ನು ಪ್ಲಾಸ್ಟಿಕ್ಕಿನ ಹಣಿಗೆಯಿಂದ ಬಾಚಿ, ಆ ಹಣಿಗೆಯನ್ನು ಜೋಳದ ಹೊಟ್ಟಿನ ಸಮೀಪಕ್ಕೆ ತಂದರೆ ಹೊಟ್ಟು ಹಾರಿ ಅಂಟುವುದು. ರಾತ್ರಿ ಕತ್ತಲೆಯಲ್ಲಿ ಉಣ್ಣೆಯ ಕಂಬಳಿಯನ್ನು ಕೊಡವಿದಾಗ ಚಟಚಟ ಶಬ್ದವೂ ಸಣ್ಣ ಕಿಡಿಗಳೂ ಕಾಣುವುದು ಇದರ ಬಂಧುವೇ. ಆಷಾಢದಲ್ಲಿ ಇದೇ ಪ್ರಯೋಗವು ಸೋಲುತ್ತದೆ. ಏಕೆಂದರೆ ತೇವದ ಗಾಳಿಯಲ್ಲಿ ವಸ್ತುಗಳ ಮೈಮೇಲೆ ನೀರಿನ ತೆಳುಪೊರೆ ಕುಳಿತು, ಕೂಡಿದ ವಿದ್ಯುತ್ತು ಅದರ ಮೂಲಕ ಸೋರಿಹೋಗುವುದು.

ಹಣಿಗೆಯು ಪಡೆದ ಈ ಸ್ಥಿತಿಗೆ ಕನ್ನಡ ಪಠ್ಯಗಳು ಆವೇಶವೆಂಬ ಹೆಸರನ್ನಿಟ್ಟಿವೆ. ಸಾಹಿತ್ಯದ ಅಧ್ಯಾಪಕರಿಗೆ ಈ ಶಬ್ದದಿಂದ ದೇವರು ಮೈದುಂಬಿದವನ ನೆನಪು ಬರುವುದು ಸಹಜ. ಉಪಮಾನವು ಅರ್ಧ ಸರಿ, ಅರ್ಧ ತಪ್ಪು. ಮೈದುಂಬಿದವನಂತೆ ಆವೇಶಗೊಂಡ ವಸ್ತುವು ಹೊರಗಿನಿಂದ ನೋಡಿದರೆ ಹಿಂದಿನದೇ; ವರ್ತನೆ ಮಾತ್ರ ಬೇರೆ. ಆದರೆ ಇಲ್ಲಿ ಹೊಸದೊಂದು ಶಕ್ತಿಯು ಆಕಾಶದಿಂದ ಇಳಿದು ಹೊಗುವುದಿಲ್ಲ. ಪ್ರತಿಯೊಂದು ವಸ್ತುವಿನ ಪರಮಾಣುಗಳಲ್ಲಿಯೂ ಧನ ಋಣವೆಂಬ ಎರಡು ಬಗೆಯ ಆವೇಶಗಳು ಸದಾ ಸಮಪ್ರಮಾಣದಲ್ಲಿ ಇರುತ್ತವೆ. ಈ ದ್ವೈವಿಧ್ಯವನ್ನು ೧೭೩೩ರ ಸುಮಾರಿಗೆ ಫ್ರಾನ್ಸಿನ ದ್ಯುಫೇ ಎಂಬವನು ಗಾಜಿನ ಬಗೆ, ರಾಳದ ಬಗೆ ಎಂದು ವಿಂಗಡಿಸಿದನು. ಧನ ಋಣಗಳೆಂಬ ಲೆಕ್ಕಪತ್ರದ ಮಾತನ್ನು ತಂದವನು ಫ್ರಾಂಕ್ಲಿನನು. ಉಜ್ಜುವುದರಿಂದ ಋಣಕಣಗಳಾದ ಎಲೆಕ್ಟ್ರಾನುಗಳು ಕೆಲವು ಕೂದಲಿನಿಂದ ಹಣಿಗೆಗೆ ವಲಸೆ ಹೋಗುತ್ತವೆ. ಒಂದು ಕಡೆ ಎಷ್ಟು ಹೆಚ್ಚಿತೋ ಇನ್ನೊಂದು ಕಡೆ ಅಷ್ಟೇ ಕಡಮೆಯಾಯಿತು. ಒಟ್ಟು ಮೊತ್ತವು ಎಂದಿಗೂ ಬದಲಾಗದು. ಸಾಲಿಗನ ವಹಿಯಲ್ಲಿಯೂ ಇಷ್ಟು ಪ್ರಾಮಾಣಿಕತೆ ಕಾಣಸಿಗಲಾರದು. ಸಜಾತೀಯ ಆವೇಶಗಳು ಪರಸ್ಪರ ದೂಡುವುವು, ವಿಜಾತೀಯಗಳು ಸೆಳೆಯುವುವು.

ಈ ಬಲದ ಪ್ರಮಾಣವನ್ನು ಚಾರ್ಲ್ಸ್ ಕೂಲಂಬನು ೧೭೮೫ರಲ್ಲಿ ತಿರುಚುವ ತಂತಿಯ ತಕ್ಕಡಿಯಿಂದ ಅಳೆದನು. ಆವೇಶಗಳ ಗುಣಲಬ್ಧಕ್ಕೆ ಅನುಸಾರವಾಗಿ ಬಲವು ಹೆಚ್ಚುವುದು. ಅಂತರವು ಎರಡರಷ್ಟಾದರೆ ಬಲವು ಕಾಲುಭಾಗವಾಗುವುದು, ಮೂರರಷ್ಟಾದರೆ ಒಂಬತ್ತರಲ್ಲೊಂದು ಪಾಲಾಗುವುದು. ಅವನ ಹೆಸರಿನ ಮಾನವು ಎಷ್ಟು ದೊಡ್ಡದೆಂದರೆ, ಒಂದೊಂದು ಕೂಲಂಬಿನ ಎರಡು ಆವೇಶಗಳನ್ನು ಒಂದು ಮೀಟರು ಅಂತರದಲ್ಲಿಟ್ಟರೆ ಅವುಗಳ ನಡುವಣ ಬಲವು ಸುಮಾರು ೯೦ ಕೋಟಿ ಕಿಲೋಗ್ರಾಮಿನ ಭಾರಕ್ಕೆ ಸಮನಾದೀತು. ಹಣಿಗೆಯಲ್ಲಿರುವುದು ಅದರ ಕೋಟಿ ಭಾಗಕ್ಕಿಂತಲೂ ಅಲ್ಪ.

ಕೂಲಂಬನ ನಿಯಮವು ಎಷ್ಟು ಎಂಬುದಕ್ಕೆ ಉತ್ತರವಿತ್ತಿತು. ಹೇಗೆ ಎಂಬುದಕ್ಕೆ ಇಲ್ಲ. ಮುಟ್ಟದೆ ಇರುವ ಹಣಿಗೆಯು ದೂರದ ಹೊಟ್ಟನ್ನು ಹೇಗೆ ಎಳೆಯಿತು? ಕಣಾದನು ಎದುರಿಸಿದ ತೊಡಕೂ ಇದೇ. ಸಂಯೋಗವಿಲ್ಲದೆ ಕ್ರಿಯೆಯುಂಟಾಗದು ಎಂಬುದು ತಾರ್ಕಿಕನ ನಿಷ್ಠೆ. ಸಂಯೋಗವು ಕಾಣದಿದ್ದಾಗ ಅದೃಷ್ಟವೆಂದನು. ಇದನ್ನು ಅಜ್ಞಾನವೆಂದು ಹಳಿಯುವುದು ಅನ್ಯಾಯ. ಕಾರಣವು ಕಾಣಲಿಲ್ಲ ಎಂಬುದನ್ನೇ ಹೆಸರಾಗಿ ಇಟ್ಟದ್ದು ಒಂದು ಬಗೆಯ ಪ್ರಾಮಾಣಿಕತೆಯೇ ಸರಿ. ತೊಂದರೆಯುಂಟಾದದ್ದು, ಅದೇ ಹೆಸರು ಪಾಪಪುಣ್ಯಗಳಿಗೂ ಇದ್ದುದರಿಂದ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಕೆಲ್ ಫ್ಯಾರಡೆಯೆಂಬ ಕಮ್ಮಾರನ ಮಗನು, ಗಣಿತವನ್ನು ಹೆಚ್ಚು ಕಲಿಯದವನು, ಈ ಗಂಟನ್ನು ಬೇರೆ ಬಗೆಯಲ್ಲಿ ಬಿಡಿಸಿದನು. ಅವನ ದೃಷ್ಟಿಯಲ್ಲಿ ಆವೇಶವು ದೂರದ ವಸ್ತುವನ್ನು ನೇರವಾಗಿ ಎಳೆಯುವುದಿಲ್ಲ. ತನ್ನ ಸುತ್ತಲಿನ ಅವಕಾಶದ ಸ್ಥಿತಿಯನ್ನೇ ಬದಲಾಯಿಸುತ್ತದೆ. ಹೀಗೆ ಬದಲಾದ ಅವಕಾಶವೇ ವಿದ್ಯುತ್‌ಕ್ಷೇತ್ರ. ಅಲ್ಲಿಗೆ ಬಂದ ಇನ್ನೊಂದು ಆವೇಶವು ತಾನು ನಿಂತ ಬಿಂದುವಿನಲ್ಲಿರುವ ಕ್ಷೇತ್ರದಿಂದಲೇ ಪ್ರೇರಿತವಾಗಿ ಚಲಿಸುತ್ತದೆ. ದೂರದ ಮಾತು ಹತ್ತಿರದ ಮಾತಾಯಿತು. ಪ್ರತಿಯೊಂದು ಬಿಂದುವಿನಲ್ಲಿಯೂ ಕ್ಷೇತ್ರಕ್ಕೆ ಒಂದು ತೀವ್ರತೆಯೂ ಒಂದು ದಿಕ್ಕೂ ಇವೆ: ಒಂದು ಮಾನದಷ್ಟು ಧನಾವೇಶವನ್ನು ಅಲ್ಲಿಟ್ಟರೆ ಅದರ ಮೇಲೆ ಎಷ್ಟು ಬಲ, ಯಾವ ಕಡೆಗೆ ಎಂಬುದೇ ಅದು. ಯಾರೂ ಏನನ್ನೂ ಇಡದಿದ್ದಾಗಲೂ ಕ್ಷೇತ್ರವು ಅಲ್ಲಿರುತ್ತದೆ. ಬೀಜ ಬೀಳದಿದ್ದರೂ ಹೊಲದ ಸತ್ತ್ವವು ಹೊಲದಲ್ಲಿಯೇ ಇರುವಂತೆ ಎಂದರೆ ಕ್ಷೇತ್ರಶಬ್ದದ ಮೂಲಾರ್ಥಕ್ಕೂ ಹೊಂದೀತು. ಈ ಕಲ್ಪನೆಗೆ ಗಣಿತದ ದೇಹವನ್ನು ಕೊಟ್ಟವನು ಮ್ಯಾಕ್ಸ್‌ವೆಲ್ಲನು. ಕ್ಷೇತ್ರವು ಬರಿಯ ಸಂಕೇತವಲ್ಲ, ಶಕ್ತಿಯನ್ನು ಧರಿಸುವ ವಾಸ್ತವ ಪದಾರ್ಥ, ಎಂಬುದು ಅಲ್ಲಿಂದ ಮುಂದೆ ಸಿದ್ಧವಾಯಿತು. ಸಪ್ತಪದಾರ್ಥಗಳಲ್ಲಿ ಇದನ್ನು ಎಲ್ಲಿ ಸೇರಿಸಬೇಕೆಂಬುದು ತಾರ್ಕಿಕರಿಗೆ ಒಳ್ಳೆಯ ವಾದವಸ್ತುವಾದೀತು.

ಈಗ ಹುಲ್ಲುಕಡ್ಡಿಗೆ ಉತ್ತರ ಹೇಳಬಹುದು. ಕಡ್ಡಿಯಲ್ಲಿ ಆವೇಶವಿಲ್ಲ, ಎಂದಮೇಲೆ ಅದನ್ನು ಎಳೆಯುವುದೇಕೆ? ಹಣಿಗೆಯ ಕ್ಷೇತ್ರದಲ್ಲಿ ಕಡ್ಡಿಯೊಳಗಿನ ಧನ ಋಣಗಳು ತುಸು ಸರಿದಾಡಿ, ಹಣಿಗೆಯ ಕಡೆಯ ತುದಿಯಲ್ಲಿ ವಿಜಾತೀಯವೂ ಆಚೆಯ ತುದಿಯಲ್ಲಿ ಸಜಾತೀಯವೂ ಮೇಲುಗೈಯಾಗುತ್ತವೆ. ಇದಕ್ಕೆ ಪ್ರೇರಣವೆಂದು ಹೆಸರು. ಹತ್ತಿರದಲ್ಲಿ ಕ್ಷೇತ್ರವು ಪ್ರಬಲ, ದೂರದಲ್ಲಿ ದುರ್ಬಲ. ಆದುದರಿಂದ ಸೆಳೆತವು ದೂಡುವಿಕೆಯನ್ನು ಗೆಲ್ಲುತ್ತದೆ. ಕ್ಷೇತ್ರವು ಎಲ್ಲೆಡೆ ಸಮವಾಗಿದ್ದಿದ್ದರೆ ಹುಲ್ಲು ತಿರುಗಿ ನಿಲ್ಲುತ್ತಿತ್ತೇ ಹೊರತು ಸರಿಯುತ್ತಿರಲಿಲ್ಲ.

ಗುಮ್ಮಟದ ಕಡೆಗೆ ಹೋಗುವ ಮೊದಲು ಇನ್ನೊಂದು ಪರಿಭಾಷೆ ಅವಶ್ಯಕ, ಅದು ವಿಭವ. ಬೀದರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯಿಂದ ಕೆಳಗಿನ ಬಯಲಿಗೆ ಮಳೆಯ ನೀರು ಇಳಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ವಿಭವವು ಎತ್ತರದಂತೆ, ಕ್ಷೇತ್ರವು ಇಳಿಜಾರಿನಂತೆ. ಸಮವಿಭವದ ಪಾತಳಿಗಳು ಎಲ್ಲಿ ಒತ್ತೊತ್ತಾಗಿರುವುವೋ ಅಲ್ಲಿ ಕ್ಷೇತ್ರವು ಕಡಿದಾಗಿರುತ್ತದೆ. ಲೋಹದಂಥ ವಾಹಕದಲ್ಲಿ ಆವೇಶವು ಸ್ವೇಚ್ಛೆಯಾಗಿ ಹರಿದಾಡಿ, ಇಳಿಜಾರು ಇಲ್ಲದಂತಾದಾಗಲೇ ನಿಲ್ಲುವುದು. ಆದುದರಿಂದ ಬಿದರಿಯ ಹೂಜಿಯೊಂದಕ್ಕೆ ಆವೇಶವನ್ನು ಕೊಟ್ಟರೆ ಅದೆಲ್ಲವೂ ಹೊರಮೈಯಲ್ಲಿಯೇ ನಿಲ್ಲುತ್ತದೆ. ಒಳಗೆ ಕ್ಷೇತ್ರವು ಶೂನ್ಯ. ಫ್ಯಾರಡೆಯು ೧೮೩೬ರಲ್ಲಿ ಲೋಹದ ಹೊದಿಕೆಯ ದೊಡ್ಡ ಪಂಜರವನ್ನು ಕಟ್ಟಿಸಿ, ಹೊರಗೆ ಕಿಡಿಗಳು ಹಾರುತ್ತಿರಲು ತಾನು ಒಳಗೆ ಕುಳಿತು ಇದನ್ನು ತೋರಿಸಿದನು. ಹೊರಮೈಯಲ್ಲಿಯೂ ಆವೇಶವು ಸಮನಾಗಿ ಹರಡುವುದಿಲ್ಲ. ಚೂಪಾದ ಕಡೆ ದಟ್ಟವಾಗುತ್ತದೆ. ದೂರದೂರ ಇಟ್ಟ ಒಂದು ದೊಡ್ಡ ಗೋಲವನ್ನೂ ಅದರ ಹತ್ತರಲ್ಲೊಂದು ತ್ರಿಜ್ಯದ ಸಣ್ಣ ಗೋಲವನ್ನೂ ತಂತಿಯಿಂದ ಕೂಡಿಸಿದರೆ, ಸಣ್ಣದರ ಮೈಮೇಲಣ ಕ್ಷೇತ್ರವು ದೊಡ್ಡದರದಕ್ಕಿಂತ ಹತ್ತುಪಟ್ಟು ತೀವ್ರವಾಗಿರುತ್ತದೆ.

ಭೂಮಿಯ ಮೇಲೆ ನಿರ್ಮಲಾಕಾಶದ ದಿನದಲ್ಲಿಯೂ ಮೀಟರಿಗೆ ಸುಮಾರು ೧೦೦ ವೋಲ್ಟಿನ ಕ್ಷೇತ್ರವಿರುತ್ತದೆ. ನಿಂತ ಮನುಷ್ಯನಿಗೆ ಇದರ ಅರಿವಾಗದು. ಅವನ ದೇಹವೂ ವಾಹಕವಾದುದರಿಂದ ಸಮವಿಭವದ ಪಾತಳಿಗಳು ಅವನ ತಲೆಯ ಮೇಲಿನಿಂದ ಬಾಗಿ ಹೋಗುವುವು. ವೈಶಾಖ ಜ್ಯೇಷ್ಠಗಳ ಮಧ್ಯಾಹ್ನದ ಮೇಲೆ ಮೋಡವು ಹತ್ತು ಹನ್ನೆರಡು ಕಿಲೋಮೀಟರು ಎತ್ತರಕ್ಕೆ ಬೆಳೆದಾಗ ಸಂಗತಿ ಬೇರೆಯಾಗುತ್ತದೆ. ಅದರ ಶೀತಭಾಗದಲ್ಲಿ ಸಣ್ಣ ಹಿಮದ ಹರಳುಗಳು ಮೆತ್ತನೆಯ ಆಲಿಕಲ್ಲಿನ ಗುಂಡುಗಳಿಗೆ ತಾಗಿ ಅಗಲುತ್ತವೆ. ಅಗಲುವಾಗ ಹಗುರವಾದ ಹರಳು ಧನವನ್ನು ಹೊತ್ತು ಮೇಲಕ್ಕೇರುವುದು, ಭಾರವಾದ ಗುಂಡು ಋಣವನ್ನು ಹೊತ್ತು ಕೆಳಗುಳಿಯುವುದು. ಹಣಿಗೆ ಕೂದಲುಗಳ ವ್ಯವಹಾರವೇ ಇಲ್ಲಿ ಆಕಾಶದ ಅಳತೆಯಲ್ಲಿ ನಡೆಯಿತು. ಗುಡುಗು ನೀರುಗಳ ಸಂಯೋಗ ವಿಭಾಗಗಳಿಂದ ಹುಟ್ಟುವುದೆಂದು ವೈಶೇಷಿಕಸೂತ್ರವೊಂದು ಹೇಳುತ್ತದೆ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಮಿಂಚು ಅಬಿಂಧನ, ಅಂದರೆ ನೀರೇ ಸೌದೆಯಾದ ತೇಜಸ್ಸು. ಇವುಗಳನ್ನು ಹಿಡಿದು ಪ್ರಾಚೀನರಿಗೆ ಆಧುನಿಕ ವಿದ್ಯುಚ್ಛಾಸ್ತ್ರವೆಲ್ಲ ತಿಳಿದಿತ್ತೆಂದು ಹಿಗ್ಗುವುದು ಸಲ್ಲದು. ಅವರು ನೋಡಿದರು, ಊಹಿಸಿದರು, ಅಳೆಯಲಿಲ್ಲ.

ಮೋಡದ ಕೆಳಗಣ ಋಣಾವೇಶವು ನೆಲದಲ್ಲಿ ಧನಾವೇಶವನ್ನು ಪ್ರೇರಿಸುತ್ತದೆ, ಹಣಿಗೆಯು ಹುಲ್ಲಿನಲ್ಲಿ ಪ್ರೇರಿಸಿದಂತೆಯೇ. ನೆಲದ ಮೇಲಣ ಕ್ಷೇತ್ರವು ಮೀಟರಿಗೆ ಸಾವಿರಾರು ವೋಲ್ಟಿಗೆ ಏರುವುದು. ಬಯಲಿನಲ್ಲಿ ಎದ್ದು ನಿಂತ ಮರ, ಮಿನಾರು, ಗುಮ್ಮಟಗಳ ತಲೆಯ ಮೇಲೆ ಪಾತಳಿಗಳು ಒತ್ತಿಕೊಂಡು ಅದು ಮತ್ತೂ ಹಲವು ಪಟ್ಟಾಗುವುದು. ಒಣಗಾಳಿಯು ಮೀಟರಿಗೆ ಸುಮಾರು ೩೦ ಲಕ್ಷ ವೋಲ್ಟಿನವರೆಗೆ ತಾಳಿ, ಅದಕ್ಕೆ ಮೀರಿದರೆ ಒಡೆದು ತಾನೇ ವಾಹಕವಾಗುತ್ತದೆ. ಮೋಡದಿಂದ ಒಂದು ಮಂದವಾದ ಮುಂಗಿಡಿಯು ಸುಮಾರು ಐವತ್ತೈವತ್ತು ಮೀಟರಿನ ಹೆಜ್ಜೆಗಳನ್ನಿಡುತ್ತ, ಕವಲೊಡೆಯುತ್ತ ಕೆಳಗಿಳಿಯುತ್ತದೆ. ಅದು ಸಮೀಪಿಸಿದಾಗ ನೆಲದ ಎತ್ತರದ ವಸ್ತುಗಳಿಂದ ಎದುರುಗಿಡಿಗಳು ಮೇಲಕ್ಕೇಳುತ್ತವೆ. ಯಾವ ಎದುರುಗಿಡಿಯು ಮೊದಲು ಕೂಡಿತೋ ಆ ವಸ್ತುವಿಗೆ ಸಿಡಿಲು. ಕೂಡಿದೊಡನೆ ಕಣ್ಣುಕೋರೈಸುವ ಬೆಳಕು ಕೆಳಗಿನಿಂದ ಮೇಲಕ್ಕೆ ಓಡುತ್ತದೆ. ‘ಸಿಡಿಲು ಬಿದ್ದಿತು’ ಎಂಬ ನುಡಿಯು ಅರ್ಧ ಮಾತ್ರ ಸತ್ಯ. ಆ ಕ್ಷಣದ ಪ್ರವಾಹವು ಸುಮಾರು ೩೦,೦೦೦ ಆಂಪಿಯರು. ದಾರಿಯ ಗಾಳಿಯ ಉಷ್ಣತೆಯು ಸೂರ್ಯನ ಹೊರಮೈಯ ಉಷ್ಣತೆಗೆ ಐದು ಪಟ್ಟು.

ಇಟ್ಟಿಗೆ ಗಾರೆಗಳು ಒಳ್ಳೆಯ ವಾಹಕಗಳಲ್ಲ. ಪ್ರವಾಹವು ಅವುಗಳೊಳಗೆ ಸೇರಿದ ತೇವವನ್ನು ಹಿಡಿದು ನೆಲಕ್ಕೆ ಹಾದಿ ಮಾಡಿಕೊಳ್ಳುವಾಗ ಆ ತೇವವು ಕ್ಷಣಾರ್ಧದಲ್ಲಿ ಉಗಿಯಾಗಿ ಹಿಗ್ಗಿ ಕಟ್ಟಡವನ್ನು ಒಳಗಿನಿಂದಲೇ ಸಿಡಿಸುತ್ತದೆ. ಗುಮ್ಮಟವನ್ನು ಸೀಳಿದ ಬಲವು ಇದು. ತಲೆಯ ಮೇಲೊಂದು ತಾಮ್ರದ ಸಲಾಕೆಯೂ ಅಲ್ಲಿಂದ ಹಸಿನೆಲದವರೆಗೆ ದಪ್ಪನೆಯ ಪಟ್ಟಿಯೂ ಇದ್ದಿದ್ದರೆ ಪ್ರವಾಹವು ಗೋಡೆಯನ್ನು ಮುಟ್ಟದೆ ಇಳಿಯುತ್ತಿತ್ತು. ಸಲಾಕೆಯು ಮೋಡವನ್ನು ಬರಿದುಮಾಡೀತೆಂದು ಫ್ರಾಂಕ್ಲಿನನು ಆಶಿಸಿದ್ದನು. ಅದು ಹಾಗೆ ಮಾಡುವುದಿಲ್ಲ, ಬಂದ ಸಿಡಿಲಿಗೆ ಸುಗಮವಾದ ದಾರಿಯನ್ನು ಕೊಡುತ್ತದೆ, ಅಷ್ಟೇ.

ಸಾಲಿನಲ್ಲಿ ಹಲವು ಗುಮ್ಮಟಗಳಿರಲು ಹುಮಾಯೂನನದೇ ಏಕೆ? ಮುಂಗಿಡಿಯ ಕಡೆಯ ಹೆಜ್ಜೆಯು ಎಲ್ಲಿ ಮುಗಿಯಿತು, ಆ ಹೊತ್ತಿಗೆ ಯಾವ ತಲೆಯಿಂದ ಎದುರುಗಿಡಿ ಮೊದಲು ಎದ್ದಿತು ಎಂಬುದರ ಮೇಲೆ ಅದು ನಿಂತಿತ್ತು. ಆ ನಿರ್ಣಯದಲ್ಲಿ ಎತ್ತರ, ಆಕಾರ, ತೇವ, ಗಾಳಿಯಲ್ಲಿ ಚೆದರಿದ ಆವೇಶ ಇವಕ್ಕೆಲ್ಲ ಪಾಲುಂಟು. ಒಳಗೆ ಮಲಗಿದವನ ಚರಿತ್ರಕ್ಕೆ ಪಾಲಿಲ್ಲ.

ಈ ವಿಚಾರವು ಗೋರಿಗಳಿಗಿಂತ ಹೊಲಗಳಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಸಿಡಿಲಿನಿಂದ ಸತ್ತವನ ಮನೆಯವರು ದುಃಖದ ಜತೆಗೆ ಯಾವ ಪಾಪದ ಫಲವೋ ಎಂಬ ಊರಿನ ಮಾತನ್ನೂ ಹೊರಬೇಕಾಗುವುದುಂಟು. ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳುವ ರೂಢಿ ಕನ್ನಡನಾಡಿನಲ್ಲಿ ಬಹುಕಾಲದ್ದು. ಹೇಳುವುದರಿಂದ ಧೈರ್ಯವುಂಟಾದರೆ ಆಕ್ಷೇಪವಿಲ್ಲ, ಆದರೆ ಮರದ ಕೆಳಗೆ ನಿಂತು ಹೇಳಬಾರದು. ಒಂಟಿಮರವು ಬಯಲಿನ ಗುಮ್ಮಟವೇ. ಮಿಂಚು ಕಂಡಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನೆಣಿಸಿ ಮೂರರಿಂದ ಭಾಗಿಸಿದರೆ ದೂರವು ಕಿಲೋಮೀಟರಿನಲ್ಲಿ ದೊರೆಯುವುದು. ಎಣಿಕೆಯು ಮೂವತ್ತರೊಳಗೆ ನಿಂತರೆ ಪಕ್ಕಾ ಮನೆಯನ್ನೋ, ಮುಚ್ಚಿದ ಲೋಹದ ವಾಹನವನ್ನೋ ಸೇರತಕ್ಕದ್ದು. ವಾಹನದ ರಕ್ಷಣೆಯು ಬಿದರಿ ಹೂಜಿಯ ನ್ಯಾಯದಿಂದಲೇ ಸಿದ್ಧ. ಎರಡೂ ದೊರೆಯದಿದ್ದರೆ ತಗ್ಗಿನಲ್ಲಿ ಪಾದಗಳೆರಡನ್ನೂ ಜೋಡಿಸಿ ಕುಕ್ಕರಗಾಲಿನಲ್ಲಿ ಕೂಡುವುದು ಲೇಸು, ಮಲಗುವುದು ಸಲ್ಲದು. ಏಕೆಂದರೆ ಸಿಡಿಲು ಬಡಿದ ಜಾಗದಿಂದ ಪ್ರವಾಹವು ನೆಲದಲ್ಲಿ ಹರಡುವಾಗ ವಿಭವವು ದೂರದೂರಕ್ಕೆ ಇಳಿಯುತ್ತ ಹೋಗುತ್ತದೆ. ಜೋಡಿಸಿದ ಪಾದಗಳ ನಡುವೆ ಆ ಇಳಿತವು ಅತ್ಯಲ್ಪ. ಎತ್ತಿನ ಮುಂಗಾಲು ಹಿಂಗಾಲುಗಳ ನಡುವೆ ಒಂದೂವರೆ ಮೀಟರಿನಷ್ಟು ಅಂತರವಿದ್ದು, ಪ್ರವಾಹವು ಒಂದು ಜೊತೆ ಕಾಲಿನಿಂದ ಏರಿ ಎದೆಯನ್ನು ಹಾಯ್ದು ಇನ್ನೊಂದು ಜೊತೆಯಿಂದ ಇಳಿಯುತ್ತದೆ. ಒಂದೇ ಹೊಲದಲ್ಲಿ ಎತ್ತು ಸತ್ತು ಅದರ ಪಕ್ಕದಲ್ಲಿದ್ದ ಒಡೆಯನು ಬದುಕಿ ಉಳಿಯುವುದಕ್ಕೆ ಕಾಲುಗಳ ಈ ಅಂತರವೂ ಒಂದು ಕಾರಣವಾಗಿರುತ್ತದೆ.